ನೀರು ಬತ್ತುವ ದಾರಿಯ ಬಂದರಿಗೆ ಹಾಯಿದೋಣಿ ತರುವ ವೇಳೆ: ಗ್ಲಾಸನ್ ಡಾಕ್‌ನ ಲೆಕ್ಕ

ನಮ್ಮ ಕರಾವಳಿಯಲ್ಲಿ ಅಳಿವೆ ದಾಟಿ ಬಲ್ಲವರಿಗೆ ಭರತ, ಅಂದರೆ ಉಬ್ಬರ, ಕಾಯುವುದು ಹೊಸ ಸಂಗತಿಯಲ್ಲ. ಗಂಗೊಳ್ಳಿಯಲ್ಲಾಗಲಿ ತದಡಿಯಲ್ಲಾಗಲಿ, ಹೂಳು ಕಟ್ಟಿದ ಅಳಿವೆಬಾಗಿಲಿನ ಮುಂದೆ ದೋಣಿಗಳು ನೀರು ಏರುವವರೆಗೆ ನಿಂತು ಒಳಗೆ ಬರುತ್ತವೆ. ಆದರೆ ಕಾರವಾರದಿಂದ ಮಂಗಳೂರಿನವರೆಗೆ ಅಮಾವಾಸ್ಯೆ, ಹುಣ್ಣಿಮೆಯ ದಿನಗಳಲ್ಲೂ ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು ಮಾತ್ರ. ಇಂಗ್ಲೆಂಡಿನ ವಾಯವ್ಯ ತೀರದ ಮೋರ್ಕಂಬ್ ಕೊಲ್ಲಿಯಲ್ಲಿ ಅದೇ ದಿನಗಳಲ್ಲಿ ಏರಿಳಿತ ಎಂಟು ಮೀಟರನ್ನು ದಾಟುತ್ತದೆ. ಮಧ್ಯಾಹ್ನ ದೋಣಿ ತೇಲಿದ ಜಾಗದಲ್ಲಿ ಸಂಜೆ ಮರಳಿನ ಮೇಲೆ ಹಕ್ಕಿಗಳು ಓಡಾಡುತ್ತಿರುತ್ತವೆ. ಇಂಥ ಕಡೆ ಅಂದಾಜು ಸಾಲದು. ಮೊದಲೇ ಕಾಗದದ ಮೇಲೆ ಲೆಕ್ಕ ಮಾಡಿಕೊಳ್ಳಬೇಕು. ಬ್ರಿಟನ್ನಿನಲ್ಲಿದ್ದು ಹಾಯಿದೋಣಿ ನಡೆಸಲು ಕಲಿಯುತ್ತಿರುವ ಕನ್ನಡಿಗರಿಗೆ ಆ ಲೆಕ್ಕವನ್ನು ಒಂದು ನಿಜವಾದ ಬಂದರಿನ ಮೇಲೆ ಹೇಳಿಕೊಡುವುದು ಈ ಬರಹದ ಉದ್ದೇಶ.

ನಾನು ಆರಿಸಿಕೊಂಡಿರುವ ಬಂದರು ಲ್ಯಾಂಕಶೈರಿನ ಗ್ಲಾಸನ್ ಡಾಕ್. ಲ್ಯೂನ್ ನದಿ ಸಮುದ್ರ ಸೇರುವ ಕಡೆ, ನದಿಯ ದಕ್ಷಿಣ ದಡದಲ್ಲಿ, ಲ್ಯಾಂಕಾಸ್ಟರ್ ನಗರದ ಹಡಗುಗಳಿಗಾಗಿ 1787ರಲ್ಲಿ ತೆರೆದ ಸಣ್ಣ ಡಾಕ್, ಅಂದರೆ ಬಾಗಿಲು ಮುಚ್ಚಿ ಒಳಗೆ ನೀರು ಹಿಡಿದಿಡುವ ಹಡಗುಕಟ್ಟೆ, ಇದು. 1826ರಲ್ಲಿ ಇದಕ್ಕೆ ಲ್ಯಾಂಕಾಸ್ಟರ್ ನಾಲೆಯ ಕವಲೊಂದನ್ನು ಜೋಡಿಸಿದರು. ಈ ಬಂದರನ್ನೇ ಹಿಡಿಯಲು ಕಾರಣವಿದೆ. ಇಲ್ಲಿ ಎರಡು ಕಟ್ಟುಪಾಡುಗಳು ಒಟ್ಟಿಗೆ ಬರುತ್ತವೆ. ಹೊರಗಿನಿಂದ ಡಾಕ್‌ವರೆಗಿನ ಜಲಮಾರ್ಗದ ಬಹುಭಾಗ ಇಳಿತದಲ್ಲಿ ಬತ್ತುತ್ತದೆ ಅಥವಾ ಬತ್ತಿದಷ್ಟೇ ಆಳವಿಲ್ಲದಂತಾಗುತ್ತದೆ. ಅದನ್ನು ದಾಟಿ ಬಂದ ಮೇಲೂ ಡಾಕ್‌ನ ಬಾಗಿಲು ಪೂರ್ಣ ಉಬ್ಬರಕ್ಕೆ ಸುಮಾರು 45 ನಿಮಿಷ ಇರುವಾಗ ತೆರೆದು, ಪೂರ್ಣ ಉಬ್ಬರದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಹೊಸಬರು ಸಾಮಾನ್ಯವಾಗಿ ಮೊದಲ ಕಟ್ಟುಪಾಡನ್ನಷ್ಟೇ ಲೆಕ್ಕ ಹಾಕುತ್ತಾರೆ. ‘ನನ್ನ ದೋಣಿ ಎಷ್ಟು ಹೊತ್ತಿಗೆ ತೇಲುತ್ತದೆ?’ ಎಂದು ಕೇಳಿಕೊಂಡು, ಉತ್ತರ ಸಿಕ್ಕೊಡನೆ ಹೊರಟುಬಿಡುತ್ತಾರೆ. ಕೇಳಿಕೊಳ್ಳಬೇಕಾದದ್ದು ಬೇರೆ ಪ್ರಶ್ನೆ: ಬಾಗಿಲು ತೆರೆಯುವ ಹೊತ್ತಿಗೆ ಅದರ ಮುಂದಿರಲು ನದಿಬಾಯಿಯ ಹೊರಗಿನ ತೇಲುಗುರುತನ್ನು ಎಷ್ಟು ಹೊತ್ತಿಗೆ ಬಿಡಬೇಕು, ತಡವೆಂದರೂ ಎಷ್ಟು ಹೊತ್ತಿನೊಳಗೆ ಬಿಡಬೇಕು, ಮತ್ತು ಎಷ್ಟು ಹೊತ್ತಾದರೆ ಪ್ರಯತ್ನ ಕೈಬಿಟ್ಟು ತಿರುಗಬೇಕು? ಈ ಮೂರು ವೇಳೆಗಳನ್ನು ಚೀಟಿಯಲ್ಲಿ ಬರೆದು ಚುಕ್ಕಾಣಿಯ ಬಳಿ ಅಂಟಿಸಿಕೊಳ್ಳದೆ ಹೊರಡಬಾರದೆಂಬುದು ನನ್ನ ನಿಯಮ.

ನಕ್ಷೆಯಲ್ಲಿ ಅಡಿಗೆರೆಯಿರುವ ಅಂಕಿಗಳು

ಬ್ರಿಟಿಷ್ ಅಡ್ಮಿರಾಲ್ಟಿ ನಕ್ಷೆಯಲ್ಲಿ ಆಳವನ್ನೆಲ್ಲ ಚಾರ್ಟ್ ಡೇಟಮ್ ಎಂಬ ಒಂದು ಮಟ್ಟದಿಂದ ಅಳೆದಿರುತ್ತಾರೆ. ಸೂರ್ಯಚಂದ್ರರ ಸೆಳೆತದಿಂದ ನೀರು ಅತ್ಯಂತ ಕೆಳಕ್ಕೆ ಇಳಿಯಬಹುದಾದ ಮಟ್ಟಕ್ಕೆ ಇದು ಹೆಚ್ಚುಕಡಿಮೆ ಸಮ. ಆ ಮಟ್ಟಕ್ಕಿಂತಲೂ ಮೇಲಿರುವ, ಅಂದರೆ ಇಳಿತದಲ್ಲಿ ನೀರಿನಿಂದ ಹೊರಬೀಳುವ ನೆಲಕ್ಕೆ ಹಸಿರು ಬಣ್ಣ ಹಾಕಿ, ಅದರ ಎತ್ತರವನ್ನು ಅಡಿಗೆರೆ ಎಳೆದ ಅಂಕಿಯಿಂದ ತೋರಿಸುತ್ತಾರೆ. ಅಡಿಗೆರೆಯಿರುವ 3ರ ಪಕ್ಕದಲ್ಲಿ ಚಿಕ್ಕ 4 ಇದ್ದರೆ ಆ ಜಾಗದ ಮರಳು ಡೇಟಮ್‌ಗಿಂತ 3.4 ಮೀಟರ್ ಮೇಲಿದೆ ಎಂದರ್ಥ. ಉಬ್ಬರದ ಎತ್ತರ, ಅಂದರೆ ಡೇಟಮ್‌ನಿಂದ ಅಳೆದ ನೀರಿನ ಮಟ್ಟ, 3.4 ಮೀಟರ್ ಆಗುವವರೆಗೆ ಅಲ್ಲಿ ಒಂದು ಹನಿ ನೀರೂ ಇರುವುದಿಲ್ಲ. ಅಡಿಗೆರೆಯನ್ನು ಗಮನಿಸದೆ ಅದನ್ನು ಆಳವೆಂದು ಓದಿದರೆ ತಪ್ಪು ದುಪ್ಪಟ್ಟಾಗುತ್ತದೆ, ಏಕೆಂದರೆ ಕಳೆಯಬೇಕಾದ ಅಂಕಿಯನ್ನು ನೀವು ಕೂಡಿಸಿರುತ್ತೀರಿ. ಮಂದ ಬೆಳಕಿನಲ್ಲಿ, ದೋಣಿ ಹೊಯ್ದಾಡುವಾಗ, ಕನ್ನಡಕ ಒದ್ದೆಯಾಗಿರುವಾಗ ಈ ಗೆರೆ ಕಣ್ತಪ್ಪುವುದು ಸುಲಭ. ಆದ್ದರಿಂದ ಈ ಓದನ್ನು ಹಿಂದಿನ ದಿನ ಮೇಜಿನ ಮುಂದೆ ಕುಳಿತು ಮಾಡಬೇಕು.

ಜಲಮಾರ್ಗದ ಉದ್ದಕ್ಕೂ ಅತಿ ಎತ್ತರದ ತಾಣ ಯಾವುದೋ ಅದೇ ನಿಮ್ಮ ಹೊಸಿಲು. ಉಳಿದ ಕಡೆ ಎಷ್ಟು ಆಳವಿದ್ದರೂ ಲೆಕ್ಕಕ್ಕಿಲ್ಲ. ಈ ಹೊಸಿಲಿನ ಎತ್ತರ, ದೋಣಿ ನೀರಿನೊಳಗೆ ಮುಳುಗುವ ಆಳ ಅಂದರೆ ಡ್ರಾಫ್ಟ್, ಅದರ ಮೇಲೆ ಕೀಲ್ (ದೋಣಿಯ ತಳದಿಂದ ಕೆಳಕ್ಕೆ ಚಾಚಿದ ಭಾಗ) ಅಡಿಯಲ್ಲಿ ಉಳಿಯಬೇಕಾದ ನೀರು, ಈ ಮೂರನ್ನು ಕೂಡಿದರೆ ನಿಮಗೆ ಬೇಕಾದ ಉಬ್ಬರದ ಎತ್ತರ ಸಿಗುತ್ತದೆ. ಕೀಲ್ ಅಡಿಯಲ್ಲಿ ಎಷ್ಟು ನೀರು ಬಿಡಬೇಕೆಂಬುದಕ್ಕೆ ಒಂದೇ ಉತ್ತರವಿಲ್ಲ. ಗಾಳಿಯಿಲ್ಲದ ದಿನ ಅರ್ಧ ಮೀಟರ್ ಸಾಕೆನ್ನುವವರಿದ್ದಾರೆ, ನಾನು 0.8 ಮೀಟರಿಗಿಂತ ಕಡಿಮೆ ಇಟ್ಟುಕೊಳ್ಳುವುದಿಲ್ಲ. ಒಂದು ಮೀಟರ್ ಎತ್ತರದ ಅಲೆ ಇದ್ದರೆ ಅದರ ತಗ್ಗಿನಲ್ಲಿ ದೋಣಿ ಅರ್ಧ ಮೀಟರ್ ಕೆಳಗಿಳಿಯುತ್ತದೆ; ಅದನ್ನು ಬೇರೆಯಾಗಿ ಸೇರಿಸಬೇಕು. ಮರಳು ಮೆತ್ತಗಿದೆಯೆಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಅಲೆ ಎತ್ತಿ ಕುಕ್ಕಿದರೆ ಒದ್ದೆ ಮರಳೂ ಕಾಂಕ್ರೀಟಿನಷ್ಟೇ ಗಟ್ಟಿ.

ನಕ್ಷೆಯ ಮಾತಿಗೊಂದು ತಿದ್ದುಪಡಿ ಹೇಳಲೇಬೇಕು. ಲ್ಯೂನ್‌ನಂಥ ನದಿಗಳಲ್ಲಿ ಜಲಮಾರ್ಗ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಚಳಿಗಾಲದ ಬಿರುಗಾಳಿಗಳು ಮರಳನ್ನು ಅತ್ತಿಂದಿತ್ತ ಸರಿಸಿದರೆ, ‘ಬಾಯ್’ ಎಂದು ನಾವಿಕರು ಕರೆಯುವ ತೇಲುಗುರುತುಗಳನ್ನು ಬಂದರಿನವರು ಕಿತ್ತು ಬೇರೆಡೆ ಹಾಕುತ್ತಾರೆ. ಮುದ್ರಿತ ನಕ್ಷೆಯೂ ಫೋನಿನಲ್ಲಿರುವ ನಕ್ಷೆಯೂ ಆಗ ಹಳತಾಗಿರುತ್ತವೆ. ಹಾಗಾಗಿ ಹೊಸಿಲಿನ ಎತ್ತರವನ್ನು ನಕ್ಷೆಯಿಂದ ಓದಿದ ಮೇಲೂ ಡಾಕ್ ಕಚೇರಿಗೆ ಮುನ್ನಾದಿನ ಫೋನ್ ಮಾಡಿ, ಗುರುತುಗಳು ಬದಲಾಗಿವೆಯೇ, ಎಲ್ಲಿ ಹೂಳು ಏರಿದೆ, ನಾಳೆ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಕೇಳಿ ತಿಳಿದುಕೊಳ್ಳಬೇಕು. ನಕ್ಷೆಯೊಂದು ಹೇಳಿ ಕಣ್ಣೆದುರಿನ ಗುರುತು ಇನ್ನೊಂದು ಹೇಳಿದರೆ ಗುರುತನ್ನೇ ನಂಬಬೇಕು.

ಉಬ್ಬರದ ಪಟ್ಟಿ ಮತ್ತು ಹನ್ನೆರಡನೆಯ ಪಾಲಿನ ಲೆಕ್ಕ

ಈ ತೀರದ ಲೆಕ್ಕಕ್ಕೆ ಆಧಾರ ಲಿವರ್‌ಪೂಲ್ ಬಂದರಿನ ಉಬ್ಬರಪಟ್ಟಿ. ಈ ಪಟ್ಟಿಗಳ ಹಿಂದೆ ದೊಡ್ಡ ಪರಂಪರೆಯೇ ಇದೆ. ಲಿವರ್‌ಪೂಲ್ ಡಾಕ್‌ನ ಮುಖ್ಯಸ್ಥನಾಗಿದ್ದ ವಿಲಿಯಂ ಹಚಿನ್ಸನ್ 1764ರಿಂದ 1793ರವರೆಗೆ ಪೂರ್ಣ ಉಬ್ಬರಗಳ ವೇಳೆ, ಎತ್ತರಗಳನ್ನು ಅಳೆದು ಬರೆದಿಟ್ಟ. 1770ರಷ್ಟು ಹಿಂದೆಯೇ ಆ ಅಳತೆಗಳ ಮೇಲೆ ಮುದ್ರಿತ ಪಟ್ಟಿಗಳು ಹೊರಟವು. ಪಟ್ಟಿಯಲ್ಲಿ ಪ್ರತಿದಿನದ ಎರಡು ಪೂರ್ಣ ಉಬ್ಬರ, ಎರಡು ಪೂರ್ಣ ಇಳಿತಗಳ ವೇಳೆಯೂ ಎತ್ತರವೂ ಇರುತ್ತವೆ. ಗ್ಲಾಸನ್‌ನಂಥ ಚಿಕ್ಕ ಬಂದರುಗಳಿಗೆ ಪ್ರತ್ಯೇಕವಾಗಿ ‘ಲಿವರ್‌ಪೂಲ್‌ಗಿಂತ ಇಷ್ಟು ನಿಮಿಷ ತಡ, ಇಷ್ಟು ಮೀಟರ್ ಹೆಚ್ಚು ಅಥವಾ ಕಡಿಮೆ’ ಎಂಬ ವ್ಯತ್ಯಾಸಗಳನ್ನು ಕೊಟ್ಟಿರುತ್ತಾರೆ. ಅವನ್ನು ಕೂಡಿ ಕಳೆದು ನಿಮ್ಮ ಬಂದರಿನ ಅಂಕಿಗಳನ್ನು ಪಡೆಯಬೇಕು.

ಪಂಚಾಂಗ ನೋಡಿ ಬೆಳೆದವರಿಗೆ ಇಲ್ಲೊಂದು ಅನುಕೂಲವಿದೆ. ಅಮಾವಾಸ್ಯೆ, ಹುಣ್ಣಿಮೆಗಳಾಗಿ ಒಂದೆರಡು ದಿನಕ್ಕೆ, ಅಂದರೆ ಬಿದಿಗೆಯ ಸುಮಾರಿಗೆ, ಅತಿ ದೊಡ್ಡ ಏರಿಳಿತ ಬರುತ್ತದೆ. ಅಷ್ಟಮಿಯಾಗಿ ಒಂದೆರಡು ದಿನಕ್ಕೆ, ದಶಮಿಯ ಹೊತ್ತಿಗೆ, ಅತಿ ಚಿಕ್ಕದು. ಲಿವರ್‌ಪೂಲ್‌ನಲ್ಲಿ ದೊಡ್ಡ ಉಬ್ಬರದ ದಿನ ನೀರು ಸರಾಸರಿ 9.3 ಮೀಟರಿನವರೆಗೆ ಏರಿ ಒಂದು ಮೀಟರಿನ ಹತ್ತಿರಕ್ಕೆ ಇಳಿಯುತ್ತದೆ. ಚಿಕ್ಕ ಉಬ್ಬರದ ದಿನ 7.4ರವರೆಗೆ ಏರಿ 3 ಮೀಟರಿನ ಬಳಿಯೇ ನಿಲ್ಲುತ್ತದೆ. ಇನ್ನೂ ಒಂದು ಉಪಯುಕ್ತ ಸಂಗತಿಯೆಂದರೆ, ಈ ತೀರದಲ್ಲಿ ದೊಡ್ಡ ಉಬ್ಬರಗಳು ಯಾವಾಗಲೂ ನಡುಹಗಲು ಮತ್ತು ನಡುರಾತ್ರಿಯ ಸುಮಾರಿಗೆ ತುಂಬುತ್ತವೆ, ಚಿಕ್ಕ ಉಬ್ಬರಗಳು ಬೆಳಗ್ಗೆ ಆರು ಮತ್ತು ಸಂಜೆ ಆರರ ಸುಮಾರಿಗೆ. ಬೆಳಕಿರುವಾಗ, ಊಟದ ಹೊತ್ತಿಗೆ ಒಳಗೆ ಬಂದು ಸೇರಬೇಕೆಂದರೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ವಾರಾಂತ್ಯವನ್ನೇ ನೋಡಿಕೊಳ್ಳಬೇಕಾಗುತ್ತದೆ.

ಎರಡು ತುದಿಗಳ ನಡುವೆ ಯಾವ ಗಳಿಗೆಯಲ್ಲಿ ನೀರು ಎಷ್ಟಿರುತ್ತದೆಂದು ತಿಳಿಯಲು ನಾವಿಕರು ಹನ್ನೆರಡನೆಯ ಪಾಲಿನ ಸೂತ್ರವನ್ನು ಬಳಸುತ್ತಾರೆ. ಇಳಿತದಿಂದ ಉಬ್ಬರದವರೆಗಿನ ಆರು ಗಂಟೆಯ ಸ್ವಲ್ಪ ಹೆಚ್ಚಿನ ಅವಧಿಯನ್ನು ಆರು ಪಾಲು ಮಾಡಿ, ಮೊದಲ ಪಾಲಿನಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಭಾಗ, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ ಮೂರು, ಐದನೆಯದರಲ್ಲಿ ಎರಡು, ಕೊನೆಯದರಲ್ಲಿ ಒಂದು ಭಾಗ ಏರುತ್ತದೆಂದು ಹಿಡಿಯಬೇಕು. ನಡುವಿನ ಎರಡು ಗಂಟೆಗಳಲ್ಲೇ ಅರ್ಧ ನೀರು ನುಗ್ಗುತ್ತದೆ. ಸೆಳೆತವೂ ಆಗಲೇ ಜೋರು. ಇದು ಒರಟು ಲೆಕ್ಕ. ಸೌತಾಂಪ್ಟನ್ ಕಡೆಯ ಸೊಲೆಂಟ್‌ನಲ್ಲಿ ಪೂರ್ಣ ಉಬ್ಬರವೇ ಎರಡೆರಡು ಸಲ ಬರುವುದರಿಂದ ಅಲ್ಲಿ ಇದು ನಡೆಯದು. ಲ್ಯೂನ್‌ನ ಒಳಭಾಗದಂಥ ಆಳವಿಲ್ಲದ ನದಿಗಳಲ್ಲಿ ಏರುವ ಅವಧಿ ಗಿಡ್ಡವಾಗಿ, ಇಳಿಯುವ ಅವಧಿ ಉದ್ದವಾಗುತ್ತದೆ. ಇಳಿತದ ಮಟ್ಟದಲ್ಲೇ ಬಹಳ ಹೊತ್ತು ನಿಂತ ನೀರು ಏರತೊಡಗಿದರೆ ಸರಸರನೆ ಏರಿಬಿಡುತ್ತದೆ. ಹೊರಭಾಗದ ಹೊಸಿಲಿಗೆ ಮಾತ್ರ ಈ ಸೂತ್ರ ಸಾಕಷ್ಟು ಹತ್ತಿರದ ಉತ್ತರ ಕೊಡುತ್ತದೆ, ಹೆಚ್ಚು ನಿಖರವಾಗಿ ಬೇಕಾದವರಿಗೆ ಪಟ್ಟಿಯೊಡನೆ ಗಳಿಗೆ ಗಳಿಗೆಯ ನೀರಿನ ಮಟ್ಟ ತೋರಿಸುವ ಲಿವರ್‌ಪೂಲ್‌ನ ಉಬ್ಬರರೇಖೆಯೇ ಇರುತ್ತದೆ.

ಒಂದು ದಿನದ ಲೆಕ್ಕ, ಹೆಜ್ಜೆ ಹೆಜ್ಜೆಯಾಗಿ

ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಹಿಡಿದುಕೊಂಡವು; ದೋಣಿ ನಡೆಸುವ ದಿನ ಆ ದಿನದ ಪಟ್ಟಿಯನ್ನೇ ನೋಡಬೇಕು. ವ್ಯತ್ಯಾಸಗಳನ್ನೆಲ್ಲ ಸೇರಿಸಿದ ಮೇಲೆ ಪೂರ್ಣ ಇಳಿತ ಬೆಳಗ್ಗೆ 6:10ಕ್ಕೆ 1.9 ಮೀಟರ್, ಪೂರ್ಣ ಉಬ್ಬರ 12:25ಕ್ಕೆ 8.9 ಮೀಟರ್ ಎಂದು ಬಂದಿದೆ ಎನ್ನೋಣ. ನಡುವಿನ ಅವಧಿ 6 ಗಂಟೆ 15 ನಿಮಿಷ. ಆದ್ದರಿಂದ ಒಂದೊಂದು ಪಾಲು ಸುಮಾರು 62 ನಿಮಿಷ. ಒಟ್ಟು ಏರಿಕೆ 7 ಮೀಟರ್. ಅದರ ಹನ್ನೆರಡನೆಯ ಭಾಗ 0.58 ಮೀಟರ್. ಇಷ್ಟರಿಂದ ಮೊದಲ ಪಾಲಿನ ಕೊನೆಗೆ 2.5, ಎರಡನೆಯದರ ಕೊನೆಗೆ 3.65, ಮೂರನೆಯದರ ಕೊನೆಗೆ 5.4, ನಾಲ್ಕನೆಯದರ ಕೊನೆಗೆ 7.15, ಐದನೆಯದರ ಕೊನೆಗೆ 8.3 ಮೀಟರ್ ಎಂದು ಬರುತ್ತದೆ.

ದೋಣಿಯ ಡ್ರಾಫ್ಟ್ 1.4 ಮೀಟರ್, ಹೊಸಿಲಿನ ಎತ್ತರ 3.0, ಕೀಲ್ ಅಡಿಯ ನೀರು 0.8. ಬೇಕಾದ ಉಬ್ಬರದ ಎತ್ತರ 5.2 ಮೀಟರ್. ಮೂರನೆಯ ಪಾಲು ಮುಗಿಯುವ ತುಸು ಮೊದಲು, ಸುಮಾರು 9:10ಕ್ಕೆ, ಅಷ್ಟು ನೀರು ಬರುತ್ತದೆ. ಇದೇ ದೋಣಿ ತೇಲುವ ವೇಳೆ. ಹೊಸಬರು ಹೊರಡುವುದೂ ಇದೇ ವೇಳೆಗೆ.

ಈಗ ಬಾಗಿಲಿನಿಂದ ಹಿಂದಕ್ಕೆ ಎಣಿಸೋಣ. ಬಾಗಿಲು ತೆರೆಯುವುದು 11:40ಕ್ಕೆ. ನದಿಬಾಯಿಯ ಹೊರಗಿನ ಗುರುತಿನಿಂದ ಡಾಕ್‌ವರೆಗೆ ಐದೂವರೆ ನಾಟಿಕಲ್ ಮೈಲಿ ಎಂದು ಹಿಡಿದರೆ (ನಿಮ್ಮ ನಕ್ಷೆಯಲ್ಲಿ ತಿರುವುಗಳನ್ನೆಲ್ಲ ಹಿಡಿದು ಅಳೆದುಕೊಳ್ಳಿ), ಎಂಜಿನ್ನಿನಲ್ಲಿ ಐದು ನಾಟ್ (ಗಂಟೆಗೆ ಐದು ನಾಟಿಕಲ್ ಮೈಲಿ) ವೇಗದಲ್ಲಿ ಹೋಗುವ ದೋಣಿಗೆ ಒಳಮುಖದ ಸೆಳೆತ ಒಂದೂವರೆ ನಾಟ್ ಕೂಡಿಕೊಂಡರೆ ಐವತ್ತು ನಿಮಿಷದ ದಾರಿ. ಹತ್ತು ನಿಮಿಷ ಕೈಯಲ್ಲಿಟ್ಟುಕೊಂಡು ಒಂದು ಗಂಟೆ ಎನ್ನೋಣ. ಬಾಗಿಲು ತೆರೆದ ಐದು ನಿಮಿಷಕ್ಕೆ, 11:45ಕ್ಕೆ ಅಲ್ಲಿರಬೇಕಾದರೆ ಹೊರಗಿನ ಗುರುತನ್ನು 10:45ಕ್ಕೆ ಬಿಡಬೇಕು. ಆಗ ಉಬ್ಬರದ ಎತ್ತರ ಸುಮಾರು 7.6 ಮೀಟರ್, ಹೊಸಿಲಿನ ಮೇಲೆ 4.6 ಮೀಟರ್ ನೀರು, ಕೀಲ್ ಅಡಿಯಲ್ಲಿ 3.2. ನೀರಿನ ಚಿಂತೆಯೇ ಇಲ್ಲ. ಚೀಟಿಯಲ್ಲಿ ಬರೆಯಬೇಕಾದ ಮೊದಲ ವೇಳೆ ಇದು: 10:45, ಹೊರಡುವುದು.

9:10ಕ್ಕೇ ಹೊರಟವರ ಪಾಡೇನು? ಹತ್ತು ಹತ್ತೂಕಾಲಿಗೆ ಬಾಗಿಲಿನ ಮುಂದೆ ಬಂದಿರುತ್ತಾರೆ. ಬಾಗಿಲು ತೆರೆಯಲು ಇನ್ನೂ ಒಂದೂವರೆ ಗಂಟೆ. ನದಿಯ ಸೆಳೆತ ಜೋರಾಗಿರುವ ಹೊತ್ತು. ಕಿರಿದಾದ ದಾರಿಯಲ್ಲಿ ಅತ್ತಿತ್ತ ಸುತ್ತುತ್ತಾ, ಒಳಗೆ ಬರುತ್ತಿರುವ ಇತರ ದೋಣಿಗಳಿಗೆ ಅಡ್ಡವಾಗುತ್ತಾ ಕಾಯಬೇಕು. ಕಾಯುವುದಾದರೆ ಹೊರಗೆ, ಆಳದ ನೀರಿನಲ್ಲಿ ಕಾಯುವುದೇ ಮೇಲು. ಆದರೂ ಬೇಗ ಬಂದವರಿಗೆ ಒಂದು ಲಾಭವಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅರ್ಧ ಉಬ್ಬರದಲ್ಲಿ ಮರಳದಿಬ್ಬಗಳು ಇನ್ನೂ ಹೊರಗೆ ಕಾಣುತ್ತಿರುತ್ತವೆ, ದಾರಿ ಎಲ್ಲಿದೆಯೆಂದು ಕಣ್ಣಿಗೇ ತಿಳಿಯುತ್ತದೆ. 10:45ರ ಹೊತ್ತಿಗೆ ಇಡೀ ಕೊಲ್ಲಿ ಒಂದೇ ನೀರಿನ ಹಾಳೆಯಾಗಿ ಹರಡಿಕೊಂಡು, ಎಲ್ಲಿ ಬೇಕಾದರೂ ಹೋಗಬಹುದೆಂಬ ಭ್ರಮೆ ಹುಟ್ಟಿಸುತ್ತದೆ. ಆಗ ತಿರುವನ್ನು ಕತ್ತರಿಸಿ ನೇರವಾಗಿ ಹೋಗುವ ಆಸೆಗೆ ಬಿದ್ದರೆ, ಹೊಸಿಲಿಗಿಂತ ಎರಡು ಮೂರು ಮೀಟರ್ ಎತ್ತರದ ದಿಬ್ಬಗಳ ಮೇಲೆ ನೀವು ಹೋಗುತ್ತಿರುತ್ತೀರಿ. ಮಾಡಿದ ಲೆಕ್ಕ ಆ ದಿಬ್ಬಗಳಿಗೆ ಅನ್ವಯಿಸುವುದಿಲ್ಲ.

ಎರಡನೆಯ ವೇಳೆ, ಹೊರಗಿನ ಗುರುತನ್ನು ಬಿಡಬಹುದಾದ ಕೊನೆಯ ಗಳಿಗೆ. ಬಾಗಿಲು 12:25ಕ್ಕೆ ಮುಚ್ಚುವುದರಿಂದ ತಡವೆಂದರೂ 12:10ಕ್ಕೆ ಅಲ್ಲಿರಬೇಕು, ಹಾಗಾಗಿ 11:10. ಬಳಿಕ ಗಾಳಿ ಎಷ್ಟೇ ಚೆನ್ನಾಗಿದ್ದರೂ ಆ ಉಬ್ಬರವನ್ನು ಬಿಟ್ಟುಬಿಡಬೇಕು.

ಮೂರನೆಯದು ನಡುದಾರಿಯಲ್ಲಿ ತಿರುಗುವ ವೇಳೆ. ಇದನ್ನು ಬರೆದುಕೊಳ್ಳುವವರು ಕಡಿಮೆ, ಹೆಚ್ಚು ಬೇಕಾಗುವುದೂ ಇದೇ. ದಾರಿಯ ಕೊನೆಯ ಭಾಗದಲ್ಲಿ, ಬಲಗಡೆಗೆ, ಪ್ಲೋವರ್ ಸ್ಕಾರ್ ಎಂಬ ಕಲ್ಲುಹಾಸಿನ ಮೇಲೆ 1847ರಲ್ಲಿ ಕಟ್ಟಿದ ಬಿಳಿ ದೀಪಸ್ತಂಭವಿದೆ. ಜಲಮಾರ್ಗ ಅದಕ್ಕೆ ಎಷ್ಟು ಹತ್ತಿರದಲ್ಲಿ ಹಾದುಹೋಗುತ್ತದೆಂದರೆ, 2016ರಲ್ಲಿ ಹಡಗೊಂದು ಡಿಕ್ಕಿ ಹೊಡೆದು ಅದರ ಮೇಲ್ಭಾಗವನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅಲ್ಲಿಂದ ಡಾಕ್‌ಗೆ ಸುಮಾರು ಒಂದೂವರೆ ಮೈಲಿ, ಇಪ್ಪತ್ತು ನಿಮಿಷ. 11:50ರೊಳಗೆ ದೀಪಸ್ತಂಭವನ್ನು ದಾಟದಿದ್ದರೆ ಅಲ್ಲೇ ತಿರುಗಿ ಹೊರಡಬೇಕು. ಆಗ ನೀರು ಇನ್ನೂ ಏರುತ್ತಿರುತ್ತದೆ; ಮುಕ್ಕಾಲು, ಒಂದು ಗಂಟೆಯಲ್ಲಿ ಹೊರಗಿನ ಗುರುತಿಗೆ ಮರಳುವಾಗ ಪೂರ್ಣ ಉಬ್ಬರವಾಗಿ ಸ್ವಲ್ಪ ಹೊತ್ತಷ್ಟೇ ಆಗಿರುತ್ತದೆ. ಇಳಿಯುವ ನೀರಿನಲ್ಲಿ ಹೊಸಿಲಿನ ಮೇಲೆ ನಮಗೆ ಬೇಕಾದ 5.2 ಮೀಟರ್ ಸುಮಾರು 3:40ರವರೆಗೆ ಇರುತ್ತದಾದ್ದರಿಂದ ಗಾಬರಿಯ ಕಾರಣವಿಲ್ಲ. ಬಾಗಿಲು ಮುಚ್ಚಿದ ಮೇಲೆ ಅದರ ಮುಂದೆ ನಿಂತು ಯೋಚಿಸುವವರಿಗೆ ಮಾತ್ರ ಗಾಬರಿ. ತಿರುಗಿ ಬಂದವರಿಗೆ ಎಲ್ಲಿ ಜಾಗ ಎಂಬುದನ್ನೂ ಮೊದಲೇ ತೀರ್ಮಾನಿಸಿರಬೇಕು. ಕೊಲ್ಲಿಯ ಆಚೆ ಬದಿಯಲ್ಲಿ ಬ್ಯಾರೋ ಬಳಿಯ ಪೀಲ್ ದ್ವೀಪದ ಹತ್ತಿರ ಲಂಗರು ಹಾಕಿ ಮುಂದಿನ ಉಬ್ಬರಕ್ಕೆ ಕಾಯುವವರಿದ್ದಾರೆ. ಆಗ್ನೇಯದಿಂದ ಬಲವಾದ ಗಾಳಿ ಬೀಸುವ ದಿನ ಅದು ಒಳ್ಳೆಯ ಜಾಗವಲ್ಲ.

ಚಿಕ್ಕ ಉಬ್ಬರದ ದಿನ ಏನಾಗುತ್ತದೆ

ದೊಡ್ಡ ಉಬ್ಬರದ ದಿನ ಬರುವುದು ಸುಲಭ, ಚಿಕ್ಕ ಉಬ್ಬರದ ದಿನ ಕಷ್ಟ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇದು ಅರ್ಧ ಸತ್ಯ. ಲಿವರ್‌ಪೂಲ್‌ನಲ್ಲಿ ನೀರಿನ ಸರಾಸರಿ ಮಟ್ಟ ಡೇಟಮ್‌ಗಿಂತ 5 ಮೀಟರಿನ ಸ್ವಲ್ಪ ಮೇಲಿದೆ. ಏರಿಳಿತ ದೊಡ್ಡದಿರಲಿ ಚಿಕ್ಕದಿರಲಿ, ಅರ್ಧ ದಾರಿಯಲ್ಲಿ ನೀರು ಈ ಮಟ್ಟವನ್ನು ಹಾದೇ ಹೋಗುತ್ತದೆ. ನಿಮಗೆ ಬೇಕಾದ ಎತ್ತರ 5.2ರ ಆಸುಪಾಸಿನಲ್ಲಿದ್ದರೆ, ತಿಂಗಳ ಯಾವ ದಿನವಾದರೂ ಪೂರ್ಣ ಉಬ್ಬರದ ಹಿಂದೆ ಮುಂದೆ ಮೂರು ಮೂರು ಗಂಟೆ ದಾರಿ ತೆರೆದಿರುತ್ತದೆ. ಹೊಸಿಲು 5 ಮೀಟರ್ ಎತ್ತರದಲ್ಲಿದ್ದು ಬೇಕಾದ ಎತ್ತರ 7.2 ಆದರೆ ಚಿತ್ರವೇ ಬೇರೆ. 0.9ರಿಂದ 9.3ಕ್ಕೆ ಏರುವ ದಿನ, ಹನ್ನೆರಡರಲ್ಲಿ ಒಂಬತ್ತು ಭಾಗ ಏರಿದಾಗ, ಅಂದರೆ ಪೂರ್ಣ ಉಬ್ಬರಕ್ಕೆ ಎರಡು ಗಂಟೆ ಮೊದಲು 7.2 ಬರುತ್ತದೆ. 2.9ರಿಂದ 7.4ಕ್ಕೆ ಏರುವ ದಿನ ಅದು ಸಿಗುವುದು ಕೊನೆಯ ಅರ್ಧ ಗಂಟೆಯಲ್ಲಿ ಮಾತ್ರ.

ಆ ಅರ್ಧ ಗಂಟೆಯನ್ನೂ ಹವೆ ಕಸಿದುಕೊಳ್ಳಬಹುದು. ಉಬ್ಬರಪಟ್ಟಿಯನ್ನು ಸುಮಾರು 1013 ಹೆಕ್ಟೊಪಾಸ್ಕಲ್ ವಾಯುಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಹೆಚ್ಚಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ತಗ್ಗುತ್ತದೆ. ಬಿಸಿಲು ಹೊಳೆಯುವ, ಗಾಳಿಯಿಲ್ಲದ, ದೋಣಿಗೆ ಹೇಳಿ ಮಾಡಿಸಿದ ದಿನ ವಾಯುಭಾರಮಾಪಕ 1033 ತೋರಿಸುತ್ತಿದ್ದರೆ ನೀರು 20 ಸೆಂಟಿಮೀಟರ್ ಕಡಿಮೆ, ಮೇಲಿನ 7.4 ಮೀಟರಿನ ಉಬ್ಬರ 7.2ಕ್ಕೇ ನಿಂತುಬಿಡುತ್ತದೆ. ಅದರ ಮೇಲೆ ದಿನಗಟ್ಟಲೆ ಪೂರ್ವದ ಗಾಳಿ ನೀರನ್ನು ಹೊರಕ್ಕೆ ತಳ್ಳುತ್ತಿದ್ದರೆ ಇನ್ನೂ ಕಡಿಮೆ. ಪಶ್ಚಿಮದ ಬಿರುಗಾಳಿ ನೀರನ್ನು ಏರಿಸುತ್ತದೆ ನಿಜ, ಆದರೆ ಅಂಥ ದಿನ ನದಿಬಾಯಿಯಲ್ಲಿ ಅಲೆ ಮುರಿಯುತ್ತಿರುತ್ತದೆ. ನಮ್ಮ ಅಳಿವೆಗಳಲ್ಲಿ ಮಳೆಗಾಲದಲ್ಲಿ ದೋಣಿ ಮಗುಚುವುದೂ ಇಂಥ ಅಲೆಯಿಂದಲೇ. ಅಂದು ನೀರಿನ ಲೆಕ್ಕ ಸರಿಯಾಗಿದ್ದರೂ ಹೊರಡಬಾರದು.

ದಾರಿಯಲ್ಲಿ

ಹೊರಡುವ ಮುನ್ನ, ಸದ್ದಿನ ಪ್ರತಿಧ್ವನಿಯಿಂದ ಆಳ ಅಳೆಯುವ ಎಕೋ ಸೌಂಡರ್ ಯಾವುದರಿಂದ ಅಳೆಯುತ್ತಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಕೆಲವು ನೀರಿನ ಮೇಲ್ಮೈಯಿಂದ, ಕೆಲವು ಕೀಲ್‌ನ ಕೆಳಗಿನಿಂದ ಆಳ ತೋರಿಸುತ್ತವೆ. ಎರವಲು ದೋಣಿಯಾದರೆ ಊಹಿಸುವಂತೆಯೇ ಇಲ್ಲ. ಹಗ್ಗಕ್ಕೆ ತೂಕ ಕಟ್ಟಿ ಇಳಿಬಿಟ್ಟು ಒಮ್ಮೆ ಅಳೆದರೆ ಎರಡು ನಿಮಿಷದಲ್ಲಿ ಸಂಶಯ ತೀರುತ್ತದೆ. ಗುರುತುಗಳ ನಡುವೆ ಹೋಗುವಾಗ ಒಳಬರುವವರಿಗೆ ಕೆಂಪು ಎಡಕ್ಕೆ, ಹಸಿರು ಬಲಕ್ಕೆ ಇರಬೇಕು. ದೋಣಿಯ ಮೂತಿ ಮುಂದಿನ ಗುರುತಿನತ್ತ ನೆಟ್ಟಗಿದ್ದರೂ ಸೆಳೆತ ಪಕ್ಕಕ್ಕೆ ಒಯ್ಯುತ್ತಿರಬಹುದು. ಆಗಾಗ ಹಿಂದಿರುಗಿ ನೋಡಿ, ದಾಟಿಬಂದ ಗುರುತೂ ಮುಂದಿನ ಗುರುತೂ ನಿಮ್ಮೊಡನೆ ಒಂದೇ ಸಾಲಿನಲ್ಲಿವೆಯೇ ಎಂದು ಗಮನಿಸಬೇಕು. ಎಡಗಡೆಯ ದಡದಲ್ಲಿ ಸಂಡರ್ಲಂಡ್ ಪಾಯಿಂಟ್ ಎಂಬ ಪುಟ್ಟ ಹಳ್ಳಿ ಕಾಣುತ್ತದೆ. ಅದರ ರಸ್ತೆ ಉಬ್ಬರದಲ್ಲಿ ಮುಳುಗುವುದರಿಂದ ಅಲ್ಲಿನವರು ಅಂಗಡಿಗೆ ಹೋಗಲೂ ಇದೇ ಪಟ್ಟಿಯನ್ನು ನೋಡಬೇಕು.

ಪಟ್ಟಿಯ ವೇಳೆ ಯಾವ ಗಡಿಯಾರದ್ದು ಎಂಬುದೊಂದು ಉಳಿದಿದೆ. ಬ್ರಿಟನ್ನಿನ ಮುದ್ರಿತ ಪಟ್ಟಿಗಳು ಸಾಮಾನ್ಯವಾಗಿ ಗ್ರೀನ್‌ವಿಚ್ ವೇಳೆಯಲ್ಲಿರುತ್ತವೆ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಅದಕ್ಕೆ ಒಂದು ಗಂಟೆ ಕೂಡಬೇಕು. ಫೋನಿನ ಆ್ಯಪ್‌ಗಳು ಹಲವು ಬಾರಿ ಕೂಡಿಯೇ ಕೊಟ್ಟಿರುತ್ತವೆ. ನನ್ನ ಎರಡನೆಯ ಬೇಸಿಗೆಯಲ್ಲಿ ನಾನು ಪುಸ್ತಕದಿಂದ ಓದಿ, ಕೂಡುವುದನ್ನು ಮರೆತು, ಇಂಥದೇ ಒಂದು ನದಿಯೊಳಕ್ಕೆ ಒಂದು ಗಂಟೆ ಮೊದಲೇ ಹೊರಟುಬಿಟ್ಟೆ. ಸೌಂಡರಿನ ಅಂಕಿ 0.9, 0.6, 0.4 ಎಂದು ಇಳಿಯಿತು. ಮುಂದೆ ಸದ್ದೇ ಇಲ್ಲದೆ ದೋಣಿ ನಿಂತಿತು, ಚಹಾದ ಲೋಟ ಮಾತ್ರ ಮೇಜಿನ ಮೇಲೆ ಒಂದು ಗೇಣು ಜಾರಿತು. ಏರುವ ನೀರಾಗಿದ್ದರಿಂದ ಹತ್ತು ನಿಮಿಷದಲ್ಲಿ ತಾನಾಗಿಯೇ ತೇಲಿತು. ಇಳಿಯುವ ನೀರಾಗಿದ್ದರೆ ರಾತ್ರಿಯವರೆಗೆ ವಾಲಿಕೊಂಡು ಬಿದ್ದಿರಬೇಕಾಗಿತ್ತು.

ಆದ್ದರಿಂದಲೇ ಬತ್ತುವ ದಾರಿಯನ್ನು ಇಳಿಯುವ ನೀರಿನಲ್ಲಿ ಹಿಡಿಯಬಾರದು. ಹಿಡಿಯಲೇಬೇಕಾದರೆ ಪೂರ್ಣ ಉಬ್ಬರವಾಗಿ ಸ್ವಲ್ಪ ಹೊತ್ತಿನೊಳಗೆ ಮಾತ್ರ. ದೊಡ್ಡ ಉಬ್ಬರದ ತುತ್ತತುದಿಯಲ್ಲಿ ದಿಬ್ಬವೇರಿದರೆ ಇನ್ನೂ ಕೆಟ್ಟದ್ದು. ಮರುದಿನದಿಂದ ಉಬ್ಬರಗಳು ಚಿಕ್ಕದಾಗುತ್ತಾ ಹೋಗಿ, ಅಷ್ಟೇ ನೀರು ಮತ್ತೆ ಬರಲು ಹದಿನೈದು ದಿನ ಬೇಕಾಗುತ್ತದೆ. ಏರುವ ನೀರಿನಲ್ಲಿ ತಾಗಿದರೆ ಎಂಜಿನ್ ಹೆಚ್ಚಿಸಿ ಮುಂದಕ್ಕೆ ನುಗ್ಗಿಸಲು ಹೋಗದೆ, ಬಂದ ದಿಕ್ಕಿಗೇ ಹಿಂದೆ ಸರಿಯಲು ನೋಡಬೇಕು. ಆಗದಿದ್ದರೆ ಆಳದ ಕಡೆಗೆ ಚಿಕ್ಕ ಲಂಗರೊಂದನ್ನು ಹಾಕಿ, ಏರುವ ನೀರು ದೋಣಿಯನ್ನು ದಿಬ್ಬದ ಇನ್ನೂ ಮೇಲಕ್ಕೆ ಒಯ್ಯದಂತೆ ಹಿಡಿದಿಟ್ಟುಕೊಂಡು ಕಾಯಬೇಕು. ಜೋಡಿ ಕೀಲ್ ಇರುವ ದೋಣಿಯವರು ನೆಟ್ಟಗೆ ನಿಂತು ಕಾಯಬಹುದು. ಈ ತೀರದಲ್ಲಿ ಅಂಥ ದೋಣಿಗಳು ಹೆಚ್ಚಿರುವುದು ಸುಮ್ಮನೆ ಅಲ್ಲ.

ಡಾಕ್ ಸಮೀಪಿಸಿದಾಗ ರೇಡಿಯೋದಲ್ಲಿ ಕರೆದು, ಬಾಗಿಲಿನ ದೀಪ ಹಸಿರಾಗಿದೆಯೇ ಎಂದು ನೋಡಿ, ಆಮೇಲಷ್ಟೇ ತಿರುಗಬೇಕು. ನದಿಯ ಸೆಳೆತ ಬಾಗಿಲಿಗೆ ಅಡ್ಡಲಾಗಿ ಹರಿಯುತ್ತಿರುತ್ತದೆ, ಒಳಗೆ ನೀರು ನಿಶ್ಚಲ. ದೋಣಿಯ ಮುಂಭಾಗ ಒಳಗೆ, ಹಿಂಭಾಗ ಹೊರಗೆ ಇರುವ ಆ ಕೆಲವು ಕ್ಷಣ ಹಿಂಭಾಗವನ್ನು ಸೆಳೆತ ಎಳೆಯುತ್ತದೆ. ಆದುದರಿಂದ ಸೆಳೆತದ ಮೇಲ್ಬದಿಗೆ ಸ್ವಲ್ಪ ಹೆಚ್ಚಾಗಿಯೇ ಗುರಿಯಿಟ್ಟು, ವೇಗ ಪೂರ್ತಿ ಇಳಿಸದೆ, ಎರಡೂ ಬದಿಗೆ ಫೆಂಡರ್ (ಗೋಡೆಯ ಪೆಟ್ಟು ತಡೆಯುವ ಮೆತ್ತೆ) ಕಟ್ಟಿಕೊಂಡು ಹೋಗಬೇಕು. ಒಳಗಿನ ನಿಲುಗಡೆಗೆ ಇನ್ನೊಂದು ಲಾಕ್ (ನೀರಿನ ಮಟ್ಟ ಏರಿಸಿ ಇಳಿಸುವ ಎರಡು ಬಾಗಿಲಿನ ಕಟ್ಟೆ) ಮತ್ತು ರಸ್ತೆಯ ತಿರುಗುಸೇತುವೆಯನ್ನು ದಾಟಬೇಕಾಗುತ್ತದೆ, ಅಲ್ಲಿ ಆತುರವಿಲ್ಲ.

ಹೊರಟು ಹೋಗುವ ದಿನ ಇದೇ ಬಾಗಿಲು ಅನುಕೂಲವನ್ನೇ ಮಾಡಿಕೊಡುತ್ತದೆ. ಪೂರ್ಣ ಉಬ್ಬರಕ್ಕೆ 45 ನಿಮಿಷ ಮೊದಲು ತೆರೆಯುವುದರಿಂದ, ಮೊದಲ ಸಾಲಿನಲ್ಲೇ ಹೊರಬಿದ್ದರೆ ಕೊನೆಯ ಭರತದ ಎದುರು ನಿಧಾನವಾಗಿಯಾದರೂ ಏರುವ ನೀರಿನಲ್ಲೇ ಪ್ಲೋವರ್ ಸ್ಕಾರ್ ದಾಟಿ, ಪೂರ್ಣ ಉಬ್ಬರವಾಗಿ ಅರ್ಧ ಗಂಟೆಯೊಳಗೆ ಹೊರಗಿನ ಗುರುತನ್ನು ಸೇರಬಹುದು. ಬಾಗಿಲು ಮುಚ್ಚುವ ಕೊನೆಯ ನಿಮಿಷದವರೆಗೆ ವಿದಾಯ ಹೇಳುತ್ತಾ ನಿಂತವರಿಗೆ ಸೆಳೆತ ಬೆನ್ನಿಗಿರುತ್ತದೆ, ಆದರೆ ದಾರಿಯುದ್ದಕ್ಕೂ ನೀರು ಇಳಿಯುತ್ತಿರುತ್ತದೆ. ಬಾಗಿಲು ತೆರೆಯುವ ಕಾಲು ಗಂಟೆ ಮೊದಲೇ ಎಂಜಿನ್ ಚಾಲೂ ಮಾಡಿ, ದೋಣಿ ಕಟ್ಟಿದ ಹಗ್ಗಗಳನ್ನು ಬೇಗ ಬಿಚ್ಚುವಂತೆ ಒಂದೊಂದೇ ಸುತ್ತಿಗೆ ಇಳಿಸಿಟ್ಟುಕೊಂಡಿರಿ.